ಹನಿ ಕೊಡದ ಬೆರಳು

ಜನವರಿ ತಿಂಗಳ ಬೆಳಗು, ಗಂಟೆ ಆರೂವರೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದು ಮಲಗಿದ್ದ ಅಮ್ಮ, ಎದ್ದವಳೇ ಕಾಫಿಗೂ ಮುಂಚೆ ಜಗಲಿಯ ಮೂಲೆಯಲ್ಲಿ ಶುಗರ್ ಮಶೀನಿನ ಚೀಲ ಬಿಚ್ಚಿಕೊಂಡು ಕೂತಿದ್ದಳು. ಖಾಲಿ ಹೊಟ್ಟೆಯಲ್ಲಿ ಶುಗರ್ ಎಷ್ಟಿರುತ್ತದೆಂದು ಹದಿನೈದು ದಿನ ಬರೆದುಕೊಂಡು ಬರಲು ಡಾಕ್ಟರು ಹೇಳಿದ್ದರು. ಪೆನ್ನಿನಂಥ ಚುಚ್ಚುಕವನ್ನು ತೋರುಬೆರಳ ತುದಿಗೆ ಒತ್ತಿ ಗುಂಡಿ ಅದುಮಿದಳು. ಟಕ್ ಎಂದಿತು. ಬೆರಳಲ್ಲಿ ಸಣ್ಣ ಚುಕ್ಕೆ ಮೂಡಿತೇ ವಿನಾ ರಕ್ತ ಬರಲಿಲ್ಲ. ಇನ್ನೊಂದು ಸಲ ಚುಚ್ಚಿದಳು. ಈ ಸಲ ನಾನು ಹತ್ತಿರ ಕೂತು ಬೆರಳನ್ನು ಬುಡದಿಂದ ತುದಿಗೆ ಹಾಲು ಕರೆದ ಹಾಗೆ ಹಿಂಡಿದೆ. ಸೂಜಿಮೊನೆಯಷ್ಟು ಕೆಂಪು ಕಂಡಿತು. ಸ್ಟ್ರಿಪ್ ತಾಗಿಸಿದರೆ ಪರದೆಯ ಮೇಲೆ ಅಂಕಿಯ ಬದಲು ಎರರ್ ಬಂತು. ಒಂದು ಸ್ಟ್ರಿಪ್ ಹೋಯಿತು. ನಾಲ್ಕನೆಯ ಚುಚ್ಚಿಗೆ, ಬೆರಳ ತುದಿ ಬಿಳುಚಿಕೊಳ್ಳುವಷ್ಟು ಹಿಂಡಿದ ಮೇಲೆ, ಅಂತೂ ಒಂದು ಅಂಕಿ ಸಿಕ್ಕಿತು. "ಬತ್ತಿ ಹೋದ ಕೈ ಕಣೋ ಇದು, ಇದರಲ್ಲಿ ರಕ್ತ ಎಲ್ಲಿಂದ ಬರಬೇಕು?" ಎಂದಳು ಅಮ್ಮ. ಮರುದಿನದಿಂದ ಆ ಚೀಲ ಬಿಚ್ಚಲಿಲ್ಲ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅಮ್ಮನ ಮೈಯಲ್ಲೂ ನಾಲ್ಕು ಲೀಟರಿನಷ್ಟು ರಕ್ತ ಹಗಲಿರುಳು ಓಡಾಡುತ್ತಿದೆ. ತರಕಾರಿ ಹೆಚ್ಚುವಾಗ ಈಳಿಗೆ ತಾಗಿದರೆ ಅದೇ ಬೆರಳಿಂದ ಧಾರಾಳವಾಗಿ ಸುರಿಯುತ್ತದೆ. ಬೇಕೆಂದು ಕೇಳಿದಾಗ ಮಾತ್ರ ಒಂದು ಹನಿ ಕೊಡುವುದಿಲ್ಲ ಎಂದರೆ ಏನರ್ಥ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ಸಮೀಕ್ಷೆಯೊಂದು 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಇವರಲ್ಲಿ ಎಷ್ಟೋ ಜನರ ಮನೆಯ ಕಪಾಟಿನಲ್ಲಿ ಇಂಥ ಮಶೀನು ಇದೆ. ಅಂಕಿ ಎಷ್ಟಿರಬೇಕು, ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವವರು ಬೇಕಾದಷ್ಟು ಜನ. ಹನಿ ಬರದಿದ್ದರೆ ಏನು ಮಾಡಬೇಕೆಂದು ಹೇಳುವವರು ಕಡಿಮೆ. ಆದರೆ ಉಳಿದ ಲೆಕ್ಕಾಚಾರವೆಲ್ಲ ಶುರುವಾಗುವುದು ಆ ಹನಿಯಿಂದಲೇ.

ಹನಿ ಎಂದರೆ ಎಷ್ಟು? ಇವತ್ತಿನ ಸ್ಟ್ರಿಪ್‌ಗಳಿಗೆ ಬೇಕಾಗುವ ರಕ್ತ 0.3ರಿಂದ 1 ಮೈಕ್ರೋಲೀಟರ್. ಒಂದು ಲೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ಮೈಕ್ರೋಲೀಟರ್. ಅರ್ಧ ಮೈಕ್ರೋಲೀಟರ್ ರಕ್ತವನ್ನು ಗುಂಡಗೆ ಉಂಡೆ ಮಾಡಿದರೆ ಅದರ ಅಡ್ಡಳತೆ ಒಂದು ಮಿಲಿಮೀಟರ್, ಅಂದರೆ ಒಂದು ಗಸಗಸೆ ಕಾಳು. ಸೂಜಿಯೂ ಅಷ್ಟೇ ಸಣ್ಣದು. ಅದರ ಡಬ್ಬಿಯ ಮೇಲೆ 28, 30, 33 ಎಂದು ಗೇಜ್ ಸಂಖ್ಯೆ ಬರೆದಿರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಸೂಜಿ ತೆಳು. 30ರದ್ದು ಸುಮಾರು 0.3 ಮಿಲಿಮೀಟರ್ ದಪ್ಪ.

ಒಂದು ಕಾಲಕ್ಕೆ ಇಷ್ಟು ಸಣ್ಣ ಹನಿ ಯಾರ ಕಲ್ಪನೆಯಲ್ಲೂ ಇರಲಿಲ್ಲ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನೋಡಿ ನಮ್ಮ ಪ್ರಾಚೀನ ವೈದ್ಯರು ಈ ರೋಗವನ್ನು ಗುರುತಿಸಿದ್ದರು. ಇಪ್ಪತ್ತನೇ ಶತಮಾನದಲ್ಲೂ ಬಹುಕಾಲ ಪರೀಕ್ಷೆ ನಡೆದದ್ದು ಮೂತ್ರದ ಮೇಲೆಯೇ. ಬೆನೆಡಿಕ್ಟ್ ದ್ರಾವಣದ ಜೊತೆ ಕುದಿಸಿದಾಗ ನೀಲಿ ಬಣ್ಣ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆ ಕೆಂಪಾಗುವುದನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ನೋಡಿದವರು ಈಗಲೂ ಇದ್ದಾರೆ. ಅದರ ತೊಂದರೆಯೆಂದರೆ, ರಕ್ತದಲ್ಲಿ ಸಕ್ಕರೆ ಒಂದು ಡೆಸಿಲೀಟರಿಗೆ 180 ಮಿಲಿಗ್ರಾಂ ಆಸುಪಾಸು ದಾಟಿದ ಮೇಲಷ್ಟೇ ಮೂತ್ರಕ್ಕೆ ಇಳಿಯುತ್ತದೆ. ಶುಗರ್ ತೀರಾ ಇಳಿದು ಪ್ರಾಣಕ್ಕೆ ಕುತ್ತು ಬಂದಾಗ ಮೂತ್ರ ಏನನ್ನೂ ಹೇಳುವುದಿಲ್ಲ. 1960ರ ದಶಕದ ಮಧ್ಯದಲ್ಲಿ ಅಮೆರಿಕದ ಏಮ್ಸ್ ಕಂಪನಿ ಡೆಕ್ಸ್‌ಟ್ರೋಸ್ಟಿಕ್ಸ್ ಎಂಬ ರಕ್ತಪರೀಕ್ಷೆಯ ಪಟ್ಟಿ ತಂದಿತು. ಅದರ ಮೇಲೆ ದಪ್ಪ ಹನಿ ಹಾಕಿ, ಒಂದು ನಿಮಿಷ ಬಿಟ್ಟು, ನೀರಿನಿಂದ ತೊಳೆದು, ಮೂಡಿದ ನೀಲಿಯನ್ನು ಬಣ್ಣದ ಚಾರ್ಟಿಗೆ ಹೋಲಿಸಬೇಕಿತ್ತು. ಆ ಹನಿ ಇವತ್ತಿನದರ ಹತ್ತಾರು ಪಟ್ಟು ದೊಡ್ಡದು. 1970ರ ಸುಮಾರಿಗೆ ಆ ಬಣ್ಣವನ್ನು ಓದುವ ಯಂತ್ರ ಬಂತು. ಒಂದು ಕಿಲೋಗಿಂತ ಹೆಚ್ಚು ತೂಕದ ಆ ಯಂತ್ರವನ್ನು ಆಸ್ಪತ್ರೆ ಮತ್ತು ವೈದ್ಯರಿಗೆಂದು ಮಾಡಿದ್ದರು, ರೋಗಿಗೆ ಮಾರುತ್ತಿರಲಿಲ್ಲ.

ರಿಚರ್ಡ್ ಬರ್ನ್‌ಸ್ಟೀನ್ ಎಂಬ ಎಂಜಿನಿಯರಿಗೆ ಹನ್ನೆರಡನೆಯ ವಯಸ್ಸಿನಿಂದಲೂ ಮಧುಮೇಹವಿತ್ತು. ತನ್ನ ರಕ್ತದ ಅಂಕಿ ತನಗೇ ಗೊತ್ತಾಗಬೇಕೆಂಬುದು ಅವರ ಹಟ. ಅವರ ಪತ್ನಿ ವೈದ್ಯೆ. ಆಕೆಯ ಹೆಸರಿನಲ್ಲಿ ಯಂತ್ರ ತರಿಸಿಕೊಂಡು ದಿನಕ್ಕೆ ಹಲವು ಸಲ ಬೆರಳು ಚುಚ್ಚಿಕೊಂಡು ಬರೆದಿಟ್ಟರು. ಅಂಕಿ ನೋಡಿಕೊಂಡು ಊಟವನ್ನೂ ಇನ್ಸುಲಿನ್ನನ್ನೂ ಹೊಂದಿಸಿದಾಗ ಆರೋಗ್ಯ ಸುಧಾರಿಸಿತು. ಬರೆದ ಲೇಖನಗಳನ್ನು ವೈದ್ಯಪತ್ರಿಕೆಗಳು ತಿರಸ್ಕರಿಸಿದಾಗ, ನಲವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿ ತಾವೇ ಡಾಕ್ಟರಾದರು. ಮನೆಯಲ್ಲಿ ಕೂತು ಶುಗರ್ ನೋಡಿಕೊಳ್ಳುವ ಹಕ್ಕು ಇಂಥವರ ಬೆರಳುಗಳಿಂದ ಬಂದದ್ದು ಎಂದು ನಾನು ತಿಳಿದಿದ್ದೇನೆ. 1970ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಸ್ಪ್ರಿಂಗ್ ಚುಚ್ಚುಕ ಬಂತು. 1987ರಲ್ಲಿ ಬಣ್ಣದ ಬದಲು ವಿದ್ಯುತ್ತನ್ನು ಅಳೆಯುವ, ಪೆನ್ನಿನಾಕಾರದ ಮೀಟರ್ ಬಂತು. ಸ್ಟ್ರಿಪ್‌ನಲ್ಲಿರುವ ಕಿಣ್ವ ಗ್ಲುಕೋಸಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಅವುಗಳ ಹರಿವನ್ನು ಮೀಟರ್ ಎಣಿಸುತ್ತದೆ. ಅಲ್ಲಿಂದ ಹನಿ ಕಿರಿದಾಗುತ್ತಲೇ ಬಂದಿದೆ.

ಇಷ್ಟೆಲ್ಲ ಬದಲಾದರೂ ಬೆರಳು ಹಳೆಯ ಬೆರಳೇ.

ಅಂಗೈಯನ್ನೂ ಅಂಗಾಲನ್ನೂ ಹೊದ್ದಿರುವ ಚರ್ಮ ಮೈಯ ಉಳಿದ ಚರ್ಮದಂಥದ್ದಲ್ಲ. ಚರ್ಮದ ಹೊರಪದರದಲ್ಲಿ ರಕ್ತನಾಳವೇ ಇಲ್ಲ. ಮುಂಗೈಯ ಮೇಲೆ ಆ ಪದರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತೆಳು. ಬೆರಳ ತುದಿಯಲ್ಲಿ ಅದು ಸುಮಾರು ಅರ್ಧ ಮಿಲಿಮೀಟರ್. ಅದರ ಕೆಳಗಿನ ಒಳಚರ್ಮದಲ್ಲಿ ಕೂದಲಿಗಿಂತ ಎಷ್ಟೋ ಸಣ್ಣ ಲೋಮನಾಳಗಳು ಹೇರ್‌ಪಿನ್ನಿನ ಹಾಗೆ ಮೇಲೆ ಬಂದು ಬಾಗಿ ಕೆಳಗಿಳಿಯುತ್ತವೆ. ಸೂಜಿ ಆ ಬಾಗುಗಳನ್ನು ಮುಟ್ಟಿದರೆ ರಕ್ತ, ಮುಟ್ಟದಿದ್ದರೆ ಬರೀ ನೋವು. ಚುಚ್ಚುಕದ ತುದಿಯಲ್ಲಿ 1ರಿಂದ 5ರವರೆಗೆ ಅಂಕಿ ಬರೆದ ತಿರುಗಣೆ ಇರುವುದು ಈ ಆಳವನ್ನು ಹೊಂದಿಸಲಿಕ್ಕೆ. ಅಂಗಡಿಯಿಂದ ತಂದಾಗ 2ರ ಮೇಲೋ 3ರ ಮೇಲೋ ಇದ್ದದ್ದನ್ನು ತಿರುಗಿಸಿಯೇ ನೋಡದವರು ಬಹಳ. ಅಮ್ಮನದು 2ರಲ್ಲಿತ್ತು.

ಆ 2 ಯಾರ ಬೆರಳಿಗೆ ಸರಿ? ಮಕ್ಕಳಿಗೆ ಸರಿ, ಮೆತ್ತನೆ ಕೈಯವರಿಗೆ ಸರಿ. ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈಗಲ್ಲ. ಉಜ್ಜಿದಷ್ಟೂ, ಒತ್ತಿದಷ್ಟೂ ಚರ್ಮದ ಹೊರಪದರ ದಪ್ಪವಾಗುತ್ತದೆ. ಜಡ್ಡುಗಟ್ಟುವುದು ಎನ್ನುತ್ತೇವಲ್ಲ, ಅದು ಒಳಗಿನ ಜೀವಕೋಶಗಳನ್ನು ಕಾಪಾಡಲು ಮೈ ತಾನೇ ಕಟ್ಟಿಕೊಂಡ ಗೋಡೆ. ಕರಾವಳಿಯಲ್ಲಿ ಬೀಡಿ ಸುರುಟುವ ಹೆಂಗಸರಿಗೆ, ಅಗರಬತ್ತಿ ಹೊಸೆಯುವವರಿಗೆ, ಕಲ್ಲು ಒಡೆಯುವವರಿಗೆ, ಗುದ್ದಲಿ ಹಿಡಿದವರಿಗೆ ಆ ಗೋಡೆ ಬೇರೆ ಬೇರೆ ಜಾಗದಲ್ಲಿ ಇರುತ್ತದೆ. ವೀಣೆ ನುಡಿಸುವವರ ಎಡಗೈ ತೋರುಬೆರಳು, ನಡುಬೆರಳಿನ ತುದಿಯಲ್ಲಿ ತಂತಿ ಕೊರೆದ ಗೆರೆಯ ಸುತ್ತ ಗಟ್ಟಿ ಚರ್ಮ ಕಟ್ಟಿರುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಾಗ ಗುರುತು ಹೊಂದದೆ ಮತ್ತೆ ಮತ್ತೆ ಬೆರಳು ಒರೆಸಿ ಒತ್ತುವವರೂ ಹೆಚ್ಚಾಗಿ ಇವರೇ. ದುಡಿಮೆ ಬೆರಳ ಗೆರೆಯನ್ನು ಸವೆಸುತ್ತದೆ, ಚರ್ಮವನ್ನು ಗಟ್ಟಿ ಮಾಡುತ್ತದೆ. ಮೆತ್ತನೆಯ ಬೆರಳನ್ನು ನೆನೆದು ಮಾಡಿದ ಎರಡು ಯಂತ್ರಗಳ ಮುಂದೆ ಒಂದೇ ಕೈ ಎರಡು ಸಲ ಸೋಲುತ್ತದೆ. ತಪ್ಪು ಆ ಕೈಯದ್ದಲ್ಲ.

ಜಡ್ಡಿಗೆ ಉಪಾಯ ಸುಲಭ. ಆಳ ಒಂದೊಂದೇ ಅಂಕಿ ಹೆಚ್ಚಿಸಬೇಕು, ತೀರಾ ಸಪೂರ ಸೂಜಿ ಬಿಟ್ಟು 28ರದ್ದನ್ನು ಹಾಕಿ ನೋಡಬೇಕು, ಜಡ್ಡಿಲ್ಲದ ಜಾಗ ಹುಡುಕಬೇಕು. ತೀರಾ ತೆಳು ಸೂಜಿಯ ರಂಧ್ರ ಚರ್ಮದ ಬಿಗಿತಕ್ಕೆ ತಕ್ಷಣ ಮುಚ್ಚಿಕೊಳ್ಳುತ್ತದೆ. ಸಪೂರವಾದದ್ದೇ ಒಳ್ಳೆಯದೆಂದು ಎಲ್ಲರಿಗೂ 33ನ್ನು ಕೊಡುವ ಅಂಗಡಿಯವರು ಇದನ್ನು ತಿಳಿದಿದ್ದರೆ ಚೆನ್ನಾಗಿತ್ತು. ಮೊಂಡ ಸೂಜಿಯ ಕಥೆ ಬೇರೆಯೇ. ಒಂದು ಸಲ ಬಳಸಿದ ಮೊನೆ ಬಾಗುತ್ತದೆ. ಆಮೇಲೆ ಅದು ಕೊಯ್ಯುವುದಿಲ್ಲ, ಹರಿಯುತ್ತದೆ. ನಮ್ಮ ಮನೆಯಲ್ಲಿ ಒಂದೇ ಸೂಜಿ ತಿಂಗಳಿಂದ ನಡೆಯುತ್ತಿತ್ತು.

ಆದರೆ ನನಗೆ ಅಚ್ಚರಿ ಹುಟ್ಟಿಸಿದ್ದು ಜಡ್ಡಲ್ಲ, ಅದರ ಕೆಳಗಿನ ನಲ್ಲಿಗಳು.

ನಮ್ಮ ದೇಹದಲ್ಲಿ ರಕ್ತ ಅಪಧಮನಿಯಿಂದ ಲೋಮನಾಳಕ್ಕೆ, ಅಲ್ಲಿಂದ ಅಭಿಧಮನಿಗೆ ಹೋಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಬೆರಳ ತುದಿ, ಅಂಗೈ, ಕಾಲ್ಬೆರಳು, ಕಿವಿ, ಮೂಗು, ಇಂಥ ಕೆಲವೆಡೆ ಇದಲ್ಲದೆ ಇನ್ನೊಂದು ಒಳದಾರಿಯೂ ಇದೆ. ಅಪಧಮನಿಯ ಸಣ್ಣ ಕವಲೊಂದು ಲೋಮನಾಳಗಳನ್ನು ಬಳಸದೆ ನೇರ ಅಭಿಧಮನಿಯನ್ನು ಸೇರುತ್ತದೆ. ಈ ಅಡ್ಡನಾಳಗಳ ಗೋಡೆಯಲ್ಲಿ ದಪ್ಪ ಸ್ನಾಯುವಿದೆ. ಅದಕ್ಕೆ ನರಗಳ ಬಿಗಿ ಲಗಾಮು ಇದೆ. ಇವು ಇರುವುದು ಬೆರಳಿಗೆ ಅನ್ನಾಹಾರ ಒದಗಿಸಲಿಕ್ಕಲ್ಲ, ಇಡೀ ಮೈಯ ಬಿಸಿಯನ್ನು ಕಾಯಲಿಕ್ಕೆ. ಸೆಕೆಯಾದಾಗ ನಲ್ಲಿಗಳು ತೆರೆದು ಬೆಚ್ಚನೆಯ ರಕ್ತ ಬೆರಳಿಗೆ ನುಗ್ಗಿ ಶಾಖವನ್ನು ಹೊರಗೆ ಬಿಡುತ್ತದೆ. ಚಳಿಯಾದಾಗ ನಲ್ಲಿಗಳು ಮುಚ್ಚಿ, ಸಣ್ಣ ಅಪಧಮನಿಗಳೂ ಬಿಗಿದು, ರಕ್ತ ಎದೆ ಹೊಟ್ಟೆಗಳ ಕಡೆ ಉಳಿಯುತ್ತದೆ. ಚಳಿಗೂ ಸೆಕೆಗೂ ನಡುವೆ ಬೆರಳ ತುದಿಯ ರಕ್ತದ ಹರಿವು ಹತ್ತಾರು ಪಟ್ಟು ಏರಿಳಿಯುತ್ತದೆ. ದೇಹದಲ್ಲಿ ಇಷ್ಟೊಂದು ಏರಿಳಿತ ಕಾಣುವ ಭಾಗಗಳು ತೀರಾ ಕಡಿಮೆ.

ಜನವರಿಯ ಮಲೆನಾಡಿನಲ್ಲಿ, ಬೆಳಗಿನ ಆರೂವರೆಗೆ, ಕೈಗೆ ತಣ್ಣೀರು ತಾಗಿಸಿಕೊಂಡು ಬಂದು ಕೂತ ಅಮ್ಮನ ಬೆರಳು ತನ್ನ ಧರ್ಮವನ್ನು ಸರಿಯಾಗಿಯೇ ಪಾಲಿಸುತ್ತಿತ್ತು. ಮೈಯ ಬಿಸಿ ಸೋರಿಹೋಗದಂತೆ ಬಾಗಿಲು ಹಾಕಿಕೊಂಡಿತ್ತು. ಖಾಲಿ ಹೊಟ್ಟೆಯ ಪರೀಕ್ಷೆಗೆ ನಾವು ಹಿಡಿಯುವ ಹೊತ್ತೂ, ಬೆರಳು ಅತ್ಯಂತ ತಣ್ಣಗಿರುವ ಹೊತ್ತೂ ಒಂದೇ.

ಆ ನರಗಳು ಚಳಿಗೆ ಮಾತ್ರ ಓಗೊಡುವುದಿಲ್ಲ, ಭಯಕ್ಕೂ ಓಗೊಡುತ್ತವೆ. ಹುಲಿ ಕಂಡಾಗ ಕೈಕಾಲು ತಣ್ಣಗಾಗುವುದು ಇದೇ ಲಗಾಮಿನಿಂದ. ನಿನ್ನೆ ಮೂರು ಸಲ ಚುಚ್ಚಿ ನೋವಾಗಿದೆ. ಇವತ್ತು ಚುಚ್ಚುಕ ಕೈಗೆತ್ತಿಕೊಂಡಾಗಲೇ ಎದೆ ಹೊಡೆದುಕೊಳ್ಳುತ್ತದೆ, ಬೆರಳ ನಲ್ಲಿ ಮುಚ್ಚುತ್ತದೆ, ರಕ್ತ ಬರುವುದಿಲ್ಲ, ನಾಲ್ಕನೆಯ ಸಲ ಚುಚ್ಚಬೇಕಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ಪುಟ್ಟ ಮಕ್ಕಳ ತಾಯಂದಿರು ಈ ಸುಳಿಯನ್ನು ಚೆನ್ನಾಗಿ ಬಲ್ಲರು. ಬೀಡಿ ಸಿಗರೇಟಿನ ನಿಕೋಟಿನ್ ಕೂಡ ಚರ್ಮದ ನಾಳಗಳನ್ನು ಬಿಗಿಯುತ್ತದೆ. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ಕೆಲವರ ಕೈಯನ್ನು ತಣ್ಣಗಾಗಿಸುತ್ತವೆ; ಶುಗರ್ ಇರುವ ಎಷ್ಟೋ ಜನಕ್ಕೆ ಬಿಪಿಯೂ ಇರುತ್ತದೆ. ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಕಳವಳದ್ದು. ಶುಗರ್ ಇದ್ದಕ್ಕಿದ್ದಂತೆ ಇಳಿದಾಗ ಅದನ್ನು ಸರಿಪಡಿಸಲು ಮೈ ಅಡ್ರಿನಾಲಿನ್ ಸುರಿಸುತ್ತದೆ. ಮುಖ ಬಿಳುಚುತ್ತದೆ, ಕೈ ನಡುಗುತ್ತದೆ, ತಣ್ಣನೆ ಬೆವರು ಒಡೆಯುತ್ತದೆ. ಅಂಕಿ ತುರ್ತಾಗಿ ಬೇಕಾದ ಆ ಗಳಿಗೆಯಲ್ಲೇ ಬೆರಳು ಮುಚ್ಚಿಕೊಂಡು, ಬೆವರಿನಿಂದ ಒದ್ದೆಯಾಗಿ ಕೂರುತ್ತದೆ. ಲಕ್ಷಣಗಳು ಸ್ಪಷ್ಟವಿದ್ದು ಹನಿ ಬರದೇ ಇದ್ದರೆ ಹನಿಗಾಗಿ ಹೋರಾಡುತ್ತ ಹೊತ್ತು ಕಳೆಯಬಾರದು. ಮೊದಲು ಸಕ್ಕರೆ ನೀರೋ ಗ್ಲುಕೋಸೋ ಕುಡಿಸಿ, ಆಮೇಲೆ ನೋಡಬೇಕು.

ಇನ್ನು ಕೆಲವರ ಬೆರಳುಗಳು ಚಳಿಗೆ ಹೊರಗಿನವರಿಗೂ ಕಾಣುವಂತೆ ಬಿಳಿಯಾಗಿ, ನೀಲಿಯಾಗಿ, ಬಿಸಿಯಾದಾಗ ಕೆಂಪಾಗಿ ನೋಯುತ್ತವೆ. ಅದಕ್ಕೆ ರೇನೋ ತೊಂದರೆ ಎಂದು ಹೆಸರು. ಅಂಥವರು ಡಾಕ್ಟರಿಗೆ ತೋರಿಸಬೇಕು. ಅದು ಬರೀ ಶುಗರ್ ನೋಡಿಕೊಳ್ಳುವ ಕಷ್ಟದ ವಿಷಯವಲ್ಲ.

ಮುಚ್ಚಿದ ನಲ್ಲಿಯನ್ನು ತೆರೆಯುವ ಕೀಲಿ ಬಿಸಿ. ಉಗುರುಬೆಚ್ಚಗಿಂತ ತುಸು ಬಿಸಿಯಾದ ನೀರಿನಲ್ಲಿ ಒಂದೆರಡು ನಿಮಿಷ ಕೈ ಇಟ್ಟರೆ ಬೆರಳು ಕೆಂಪೇರುತ್ತದೆ. ಶುಗರ್‌ನಿಂದ ಕೈ ಜೋಮು ಹಿಡಿದು ಸ್ಪರ್ಶ ಕಡಿಮೆಯಾಗಿರುವವರು ನೀರಿನ ಬಿಸಿಯನ್ನು ಮನೆಯ ಇನ್ನೊಬ್ಬರ ಕೈಯಿಂದ ನೋಡಿಸಬೇಕು. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ನೀರಿನ ಜೊತೆಗೆ ಇನ್ನೊಂದು ಸಹಾಯ ಭೂಮಿಯ ಸೆಳೆತ. ಕೈಯನ್ನು ಕೆಳಗೆ ಇಳಿಬಿಟ್ಟರೆ ಎದೆಯಿಂದ ಬೆರಳ ತುದಿಗೆ ಸುಮಾರು 60 ಸೆಂಟಿಮೀಟರ್ ಎತ್ತರದ ರಕ್ತದ ಕಂಬ ನಿಲ್ಲುತ್ತದೆ. ಅದರ ಭಾರ ಬೆರಳ ನಾಳಗಳಿಗೆ ಪಾದರಸದ ಸುಮಾರು 45 ಮಿಲಿಮೀಟರಿನಷ್ಟು ಹೆಚ್ಚುವರಿ ಒತ್ತಡ ಕೊಡುತ್ತದೆ. ಬಿಪಿ 120/80 ಎನ್ನುವಾಗ ಬಳಸುವ ಅಳತೆಯೇ ಇದು. ಆ ಲೆಕ್ಕದಲ್ಲಿ 45 ಸಣ್ಣದಲ್ಲ. ಕುರ್ಚಿಯಲ್ಲಿ ಕೂತು ಅರ್ಧ ನಿಮಿಷ ಕೈ ಜೋತುಬಿಟ್ಟು, ಕೈ ಮೇಲೆತ್ತದೆ ಹಾಗೆಯೇ ಚುಚ್ಚಬೇಕು. ನಾವು ಮಾಡುವುದು ಇದರ ತಿರುಗುಮುರುಗು. ಕಣ್ಣಿಗೆ ಚೆನ್ನಾಗಿ ಕಾಣಲೆಂದು ಬೆರಳನ್ನು ಮುಖದ ಹತ್ತಿರಕ್ಕೆ ಎತ್ತಿಕೊಂಡು ಚುಚ್ಚುತ್ತೇವೆ, ರಕ್ತ ಅಷ್ಟೂ ಕೆಳಗಿಳಿದಿರುತ್ತದೆ.

ಎಲ್ಲಿ ಚುಚ್ಚಬೇಕು? ಬೆರಳ ತುದಿಯ ನಟ್ಟನಡುವೆ ಅಲ್ಲ. ಒಂದು ಚದರ ಸೆಂಟಿಮೀಟರ್ ಬೆರಳ ತುದಿಯಲ್ಲಿ ಸ್ಪರ್ಶಕ್ಕೆ ಓಗೊಡುವ ಒಂದೇ ಬಗೆಯ ನರದೆಳೆಗಳು ನೂರಕ್ಕೂ ಹೆಚ್ಚಿವೆ. ಅಕ್ಕಿಯಲ್ಲಿ ಕಲ್ಲು ಹುಡುಕುವುದು, ಸೂಜಿಗೆ ದಾರ ಪೋಣಿಸುವುದು, ಹೂ ಕಟ್ಟುವುದು ಎಲ್ಲ ಅದರಿಂದಲೇ. ಅಲ್ಲಿ ಗಾಯವಾದರೆ ದಿನವಿಡೀ ಏನು ಮುಟ್ಟಿದರೂ ನೋವು. ಪಕ್ಕಕ್ಕೆ ಸರಿದರೆ ನೋವು ಕಡಿಮೆ, ಬೆರಳಿಗೆ ರಕ್ತ ತರುವ ಎರಡು ಅಪಧಮನಿಗಳು ಸಾಗುವುದೂ ಬೆರಳ ಎರಡು ಪಕ್ಕಗಳಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ನಡುಬೆರಳು ಅಥವಾ ಉಂಗುರಬೆರಳನ್ನು. ಹೆಬ್ಬೆರಳೂ ತೋರುಬೆರಳೂ ದಿನದ ಕೆಲಸಕ್ಕೆ ಬೇಕು, ಅವುಗಳಲ್ಲೇ ಜಡ್ಡು ಹೆಚ್ಚು. ಕಿರುಬೆರಳಲ್ಲಿ ಮಾಂಸ ತೆಳು, ಮೂಳೆ ಹತ್ತಿರ. ಹೆಬ್ಬೆರಳು ಕಿರುಬೆರಳುಗಳ ಒಳಗಿನ ಸ್ನಾಯುರಜ್ಜುವಿನ ಕೋಶ ಸಾಮಾನ್ಯವಾಗಿ ಅಂಗೈವರೆಗೂ ಒಂದೇ ಎಳೆಯಾಗಿ ಸಾಗುವುದರಿಂದ ಅಲ್ಲಿ ಕೀವಾದರೆ ಅದು ಅಂಗೈಗೆ ಹರಡುವ ಭಯವೂ ಇದೆ. ಎರಡು ಕೈಯ ಎರಡೆರಡು ಬೆರಳಿನ ಎರಡೂ ಪಕ್ಕ ಎಂದರೆ ಎಂಟು ಜಾಗ. ಸರದಿ ತಪ್ಪದೆ ಹೋದರೆ ದಿನಕ್ಕೊಮ್ಮೆ ನೋಡಿಕೊಳ್ಳುವವರ ಒಂದು ಗಾಯಕ್ಕೆ ವಾರ ದಾಟಿ ಬಿಡುವು ಸಿಗುತ್ತದೆ. ಒಂದೇ ಬೆರಳಿಗೆ ಜೋತುಬಿದ್ದವರ ಬೆರಳಲ್ಲಿ ಚುಚ್ಚಿನಿಂದಲೇ ಹೊಸ ಜಡ್ಡು ಕಟ್ಟುತ್ತದೆ.

ಅಮ್ಮನ ಬೆರಳನ್ನು ನಾನು ಹಿಂಡಿದೆನಲ್ಲ, ಆ ಅಂಕಿಯನ್ನು ನಂಬಬಹುದಿತ್ತೇ? ಈಗ ಯೋಚಿಸಿದರೆ, ಬಹುಶಃ ಇಲ್ಲ. ಜೀವಕೋಶಗಳ ನಡುವೆ ತುಂಬಿಕೊಂಡಿರುವ ತಿಳಿನೀರೂ ಬಲವಾಗಿ ಹಿಂಡಿದಾಗ ರಕ್ತದ ಜೊತೆ ಹೊರಬಂದು ಬೆರೆಯುತ್ತದೆ. ಕೆಂಪು ಕಣಗಳು ಒಡೆಯಲೂಬಹುದು. ಬುಡದಿಂದ ಮೆಲ್ಲಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಪ್ರತಿ ಸಲ ಬಿಟ್ಟಾಗ ಹೊಸ ರಕ್ತ ತುಂಬಿಕೊಳ್ಳುತ್ತದೆ. ಒತ್ತಿ ಹಿಡಿದೇ ಇದ್ದರೆ ತುಂಬಿಕೊಳ್ಳಲು ದಾರಿಯೇ ಇಲ್ಲ. ತುದಿ ಬಿಳುಚುವುದು ಅದರ ಗುರುತು. ಹಾಗೆಂದು ಬಹಳ ಹೊತ್ತು ಕಾಯುವಂತೆಯೂ ಇಲ್ಲ. ಗಾಯವಾದ ಕ್ಷಣದಿಂದಲೇ ನಾಳ ತಾನೇ ಬಿಗಿದು, ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್‌ಗಳು) ಅಂಟಿಕೊಂಡು ತೂತು ಮುಚ್ಚತೊಡಗುತ್ತವೆ. ಆದ್ದರಿಂದ ಸ್ಟ್ರಿಪ್ಪನ್ನು ಮೀಟರಿಗೆ ಸಿಕ್ಕಿಸಿಟ್ಟುಕೊಂಡ ಮೇಲೆಯೇ ಚುಚ್ಚಬೇಕು.

ಚುಚ್ಚುವ ಮೊದಲು ಬೆರಳು ಒರೆಸುವ ಸ್ಪಿರಿಟ್ ಹತ್ತಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಡೆಸಿಲೀಟರಿಗೆ 100 ಮಿಲಿಗ್ರಾಂ ಸಕ್ಕರೆ ಇರುವ ರಕ್ತದ ಅರ್ಧ ಮೈಕ್ರೋಲೀಟರ್ ಹನಿಯಲ್ಲಿ ಇರುವ ಗ್ಲುಕೋಸ್ ಅರ್ಧ ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಇಪ್ಪತ್ತು ಲಕ್ಷದಲ್ಲಿ ಒಂದು ಭಾಗ. ಬೆರಳ ಮೇಲೆ ಅಷ್ಟೇ ಗ್ಲುಕೋಸ್ ಅಂಟಿಕೊಂಡಿದ್ದರೆ ಸಾಕು, 100 ಇದ್ದದ್ದು 200 ಆಗುತ್ತದೆ. 2011ರಲ್ಲಿ ಜಪಾನಿನ ವೈದ್ಯರು ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣು ಸುಲಿದ ಕೈಗಳಿಂದ ರಕ್ತ ತೆಗೆದು ನೋಡಿದಾಗ ಅಂಕಿ ಗಾಬರಿ ಹುಟ್ಟಿಸುವಷ್ಟು ಏರಿತ್ತು. ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಏರಿಯೇ ಇತ್ತು. ನಲ್ಲಿ ನೀರಿನಲ್ಲಿ ತೊಳೆದಾಗ ಸರಿಹೋಯಿತು. ಮಾವಿನ ಕಾಲದಲ್ಲಿ, ಹಲಸಿನ ತೊಳೆ ಬಿಡಿಸಿದ ದಿನ, ಇದನ್ನು ನೆನಪಿಡಬೇಕು. ಅಡುಗೆಮನೆಯ ಬಿಳಿ ಸಕ್ಕರೆ ಸುಕ್ರೋಸ್. ಅದನ್ನು ಸ್ಟ್ರಿಪ್ಪಿನ ಕಿಣ್ವ ಗುರುತಿಸುವುದಿಲ್ಲ. ಆದರೆ ಹಣ್ಣು, ಜೇನು, ಬೆಲ್ಲ, ಎಲ್ಲದರಲ್ಲೂ ಗ್ಲುಕೋಸ್ ಇದೆ. ಶುಗರ್ ಇಳಿದವರಿಗೆ ಗ್ಲುಕೋಸ್ ಪುಡಿ ಕಲಸಿ ಕುಡಿಸಿ, ಅದೇ ಕೈಯಲ್ಲಿ ಕಾಲು ಗಂಟೆಯ ನಂತರ ಮತ್ತೆ ನೋಡಿದರೆ ಆ ಪುಡಿಯೇ ಸುಳ್ಳು ಧೈರ್ಯ ಹೇಳಬಹುದು. ಸೋಪು ಹಚ್ಚಿ ಬೆಚ್ಚನೆ ನೀರಿನಲ್ಲಿ ತೊಳೆದರೆ ಸಕ್ಕರೆಯೂ ಹೋಗುತ್ತದೆ, ಬೆರಳ ನಲ್ಲಿಯೂ ತೆರೆಯುತ್ತದೆ. ಆಮೇಲೆ ಪೂರ್ತಿ ಒರೆಸಿ ಒಣಗಿಸಬೇಕು. ಒದ್ದೆ ಚರ್ಮದ ಮೇಲೆ ರಕ್ತ ಹನಿಯಾಗಿ ನಿಲ್ಲದೆ ಹರಡಿಹೋಗುತ್ತದೆ, ನೀರು ಬೆರೆತು ಅಂಕಿ ಇಳಿಯುತ್ತದೆ. ನೀರೇ ಸಿಗದ ಕಡೆ ಮೊದಲ ಹನಿ ಒರೆಸಿ ಎರಡನೆಯದನ್ನು ಬಳಸುವುದು ಲೇಸು. ಸ್ಟ್ರಿಪ್ಪಿನ ಮೇಲೆ ರಕ್ತವನ್ನು ಸುರಿಯಬೇಕಿಲ್ಲ. ಅದರ ಅಂಚಿನ ಸಣ್ಣ ಬಾಯನ್ನು ಹನಿಗೆ ತಾಗಿಸಿದರೆ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ, ತಾನೇ ಹೀರಿಕೊಳ್ಳುತ್ತದೆ.

ಇಷ್ಟಾದರೂ ಮನೆಯ ಮಶೀನು ಲ್ಯಾಬಿನ ಯಂತ್ರವಲ್ಲ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 100 ಮತ್ತು ಅದಕ್ಕಿಂತ ಮೇಲಿನ ಅಂಕಿಗಳಲ್ಲಿ ನೂರಕ್ಕೆ ತೊಂಬತ್ತೈದು ಸಲ ಶೇ. 15ರ ಒಳಗಿನ ಹೆಚ್ಚುಕಡಿಮೆ ಒಪ್ಪಿತ. ಒಂದು ಬೆರಳು 138, ಇನ್ನೊಂದು 151 ಎಂದರೆ ಎರಡರಲ್ಲೂ ಸುಳ್ಳಿಲ್ಲ. ರಕ್ತಹೀನತೆ ಇದ್ದರೆ ಹಲವು ಮೀಟರುಗಳಲ್ಲಿ ಅಂಕಿ ನಿಜಕ್ಕಿಂತ ಮೇಲಕ್ಕೆ ವಾಲುತ್ತದೆ. ಹನಿಯಲ್ಲಿ ಕೆಂಪು ಕಣ ಕಡಿಮೆಯಾದಷ್ಟೂ ಸ್ಟ್ರಿಪ್ಪಿಗೆ ಸಿಗುವ ತಿಳಿರಕ್ತ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ 15ರಿಂದ 49 ವಯಸ್ಸಿನ ಶೇ. 57 ಹೆಂಗಸರಿಗೆ ರಕ್ತಹೀನತೆ ಕಂಡಿತ್ತು. ಆದ್ದರಿಂದ ಡಾಕ್ಟರ ಮುಂದೆ ಶುಗರ್ ಪಟ್ಟಿಯ ಜೊತೆ ಹಿಮೋಗ್ಲೋಬಿನ್ ಎಷ್ಟೆಂಬ ಚೀಟಿಯೂ ಇರಬೇಕು.

ಬೆರಳನ್ನು ಬಿಟ್ಟು ಮುಂಗೈಯಿಂದ ತೆಗೆಯಬಹುದೇ ಎಂದು ಕೇಳುವವರಿದ್ದಾರೆ. ಕೆಲವು ಮೀಟರುಗಳು ಒಪ್ಪುತ್ತವೆ, ಅಲ್ಲಿ ನೋವೂ ಕಡಿಮೆ. ಆದರೆ ಮುಂಗೈಯ ಚರ್ಮದಲ್ಲಿ ರಕ್ತ ನಿಧಾನ. ಊಟವಾದ ಮೇಲೆ ಶುಗರ್ ಏರುತ್ತಿರುವಾಗ, ಇನ್ಸುಲಿನ್‌ನಿಂದ ಇಳಿಯುತ್ತಿರುವಾಗ ಮುಂಗೈ ಹಿಂದೆ ಉಳಿಯುತ್ತದೆ. ಬೆರಳು ಅಪಾಯ ಎನ್ನುವಾಗ ಮುಂಗೈ ಇನ್ನೂ ಸರಿಯಿದೆ ಎನ್ನುತ್ತಿರುತ್ತದೆ. ಹೆಬ್ಬೆರಳ ಬುಡದ ಅಂಗೈ ಉಬ್ಬು ಈ ವಿಷಯದಲ್ಲಿ ಬೆರಳಿಗೆ ಹತ್ತಿರ. ತೋಳಿಗೆ ಅಂಟಿಸಿಕೊಂಡು ಎರಡು ವಾರ ಬಿಡುವ ಸೆನ್ಸರ್‌ಗಳು ಈಗ ನಮ್ಮಲ್ಲೂ ಸಿಗುತ್ತವೆ. ಅವು ಜೀವಕೋಶಗಳ ನಡುವಿನ ನೀರನ್ನು ಅಳೆಯುವುದರಿಂದ ಕೆಲ ನಿಮಿಷ ಹಿಂದಿರುತ್ತವೆ. ಆದರೂ ದಿನಕ್ಕೆ ಆರೇಳು ಸಲ ಚುಚ್ಚಿಸಿಕೊಳ್ಳುವ ಮಗುವಿಗೆ ಅವು ದೊಡ್ಡ ವರ. ಸಾವಿರಾರು ರೂಪಾಯಿಯ ಆ ವರ ಎಲ್ಲರ ಕೈಗೂ ಎಟಕುವವರೆಗೆ, ಬೆರಳೇ ಗತಿ.

ಆ ಜನವರಿಯ ಕೊನೆಯಲ್ಲಿ ಅಮ್ಮನನ್ನು ಬಚ್ಚಲಮನೆಗೆ ಕರೆದೆ. ಒಲೆಗೆ ಐದು ಗಂಟೆಗೇ ಬೆಂಕಿ ಹಾಕಿದ್ದರಿಂದ ಹಂಡೆಯ ನೀರು ಕಾದಿತ್ತು. ಚೊಂಬಿನಲ್ಲಿ ತಣ್ಣೀರು ಬೆರೆಸಿ ಹದ ಮಾಡಿದಳು. ಅಡಿಕೆ ಚೊಗರು ಹಿಡಿದು ಕಪ್ಪಾಗಿದ್ದ ಎರಡೂ ಕೈಯನ್ನು ಸೋಪು ಹಚ್ಚಿ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು, ಒಲೆಯ ಮುಂದಿನ ಮಣೆಯ ಮೇಲೆ ಕೈ ಇಳಿಬಿಟ್ಟು ಕೂತಳು. ಹೊಸ ಸೂಜಿ ಹಾಕಿ, ತಿರುಗಣೆಯನ್ನು 4ಕ್ಕೆ ತಿರುಗಿಸಿ, ಎಡಗೈ ಉಂಗುರಬೆರಳಿನ ಪಕ್ಕಕ್ಕೆ ಒತ್ತಿ ಹಿಡಿದು ಅದುಮಿದೆ. ಒಂದೆರಡು ಸಲ ಮೆಲ್ಲಗೆ ಒತ್ತಿ ಬಿಟ್ಟಾಗ ರಾಗಿ ಕಾಳಿನಷ್ಟು ಹನಿ ಎದ್ದು ನಿಂತಿತು. "ಇದರಲ್ಲೂ ಇದೆಯಲ್ಲೋ!" ಎಂದಳು. 142.

ಮಾರ್ಚಿನಲ್ಲಿ ಪಕ್ಕದ ಮನೆಯ ಚಿಕ್ಕಮ್ಮ ತನ್ನ ಬೆರಳಲ್ಲೂ ರಕ್ತವಿಲ್ಲವೆಂದು ಹೇಳಿಕೊಂಡು ಬಂದರು, ನಿಮ್ಮದರಲ್ಲೇ ಒಮ್ಮೆ ನೋಡಿಕೊಡಿ ಅಕ್ಕ ಎಂದರು. ಒಬ್ಬರ ಚುಚ್ಚುಕ ಇನ್ನೊಬ್ಬರ ಬೆರಳಿಗೆ ತಾಗಿದರೆ, ಸೂಜಿ ಬದಲಿಸಿದರೂ, ಕಣ್ಣಿಗೆ ಕಾಣದ ರಕ್ತದಿಂದ ಹೆಪಟೈಟಿಸ್ ಬಿ ದಾಟಬಹುದು; ವೃದ್ಧಾಶ್ರಮಗಳಲ್ಲಿ ಹಾಗೆ ಹರಡಿದ ಪ್ರಕರಣಗಳನ್ನು ಅಮೆರಿಕದ ರೋಗನಿಯಂತ್ರಣ ಕೇಂದ್ರ ದಾಖಲಿಸಿದೆ. ಇದನ್ನು ಅಮ್ಮನಿಗೆ ನಾನು ಹೇಳಿದ್ದೆ. ಆಕೆ ತನ್ನ ಚುಚ್ಚುಕವನ್ನು ಕೊಡಲಿಲ್ಲ. "ನಿಂದೇ ತಗೊಂಡು ಬಾ, ಹೊಸ ಸೂಜಿ ಹಾಕು" ಎಂದು ಅವರನ್ನು ಮನೆಗೆ ಕಳಿಸಿ, ತಾನು ಹಂಡೆಯ ಒಲೆಗೆ ಇನ್ನೆರಡು ಕಟ್ಟಿಗೆ ದೂಡಿದಳು.